ಎರವಲು ಪಿಚರ್

ಜೂನ್ 16

ಸೋತೆವು. 3–2. ಕುರೊಸೆ ಬೇರಿಂಗ್ ತಂಡದವರು ಗಳಿಸಿದ ಮೂರು ಓಟವೂ ಬೇಲಿಯಾಚೆ ಹೋದ ಹೋಮ್ ರನ್, ಮೂರೂ ಪಿಚರ್ ಆದ ನಾನು ಎಸೆದ ಚೆಂಡಿಗೆ. ಮೂರನೆಯದು ಅವರ ಕ್ಯಾಚರ್, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ತೊಕುಮಾರು, ಹೊಡೆದದ್ದು. ಇನ್ನು ಟೋಕಿಯೊ ಡೋಮಿನಲ್ಲಿ ನಡೆಯುವ ಕಂಪನಿ ಬೇಸ್‌ಬಾಲ್ ತಂಡಗಳ ಟೂರ್ನಿಗೆ ಅವರು ಹೋಗುತ್ತಾರೆ, ನಾವು ಕಾಗದದ ಕಾರ್ಖಾನೆಗೆ ವಾಪಸ್.

ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನ್ನ ಲೆಕ್ಕಾಚಾರ ಹೇಳುತ್ತಿದ್ದೆ. ಹೋಮ್ ರನ್‌ಗೆ ಹೆದರಿ ಚೆಂಡನ್ನು ಆಚೆ ಈಚೆ ಎಸೆದರೆ ನಾಲ್ಕು ತಪ್ಪು ಚೆಂಡಾಗಿ ಬ್ಯಾಟುಗಾರ ಪುಕ್ಕಟೆ ಮೊದಲ ಬೇಸಿಗೆ ಹೋಗುತ್ತಾನೆ. ಹೋಗಿ ಅಲ್ಲಿ ನಿಂತು ನನ್ನ ಬೆನ್ನನ್ನೇ ನೋಡುತ್ತಾನೆ. ಅದು ನನಗೆ ಆಗದು. ಹೊಡೆಯುವುದಾದರೆ ಹೊಡೆದು, ನಾಲ್ಕು ಬೇಸುಗಳ ಒಂದು ಸುತ್ತು ಓಡಿ, ಮನೆಗೆ ಹೋಗಲಿ. ಬೇಸುಗಳ ಮೇಲೆ ಬೇರೆ ಯಾರೂ ಇಲ್ಲದಿದ್ದರೆ ಹೋಮ್ ರನ್ ಅಂದರೆ ಒಂದೇ ಓಟ. ಹೀಗೆ ಎಸೆದೇ ಈ ವರ್ಷ ಒಂಬತ್ತು ಪಂದ್ಯ ಗೆದ್ದಿದ್ದೇನೆ, ಹದಿನೆಂಟು ಹೋಮ್ ರನ್ ಕೊಟ್ಟಿದ್ದೇನೆ.

ಹೊಡೆತ ಬಿದ್ದಾಗ ನಾನು ತಿರುಗಿ ನೋಡುವುದಿಲ್ಲ. ಸದ್ದಿನಲ್ಲೇ ಗೊತ್ತಾಗುತ್ತದೆ. ಅಂಪೈರ್ ಕಡೆ ಕೈ ಚಾಚಿ ಹೊಸ ಚೆಂಡು ಕೇಳುತ್ತೇನೆ. ಮೊದಮೊದಲು ಸಮಾಧಾನ ಹೇಳಲು ಓಡಿ ಬರುತ್ತಿದ್ದವರನ್ನು ಕೈಯಾಡಿಸಿ ಹಿಂದಕ್ಕೆ ಕಳಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಎಲ್ಲರೂ ಕಲಿತುಬಿಟ್ಟಿದ್ದಾರೆ. ಈಗ ಯಾರೂ ಬರುವುದಿಲ್ಲ.

ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು ದಿನವೂ ಹೀಗೆ ನೋಟ್‌ಬುಕ್ ಬರೆಸಿ, ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ವಾಪಸ್ ಕೊಡುತ್ತಿದ್ದರು. ಈಗ ನನಗೆ ಮೂವತ್ತನಾಲ್ಕು. ಬರೆಯುವ ಚಟ ಉಳಿದಿದೆ, ಕೆಂಪು ಶಾಯಿಯವರು ಇಲ್ಲ.

ಜೂನ್ 20

ಕೆಲಸ ಮುಗಿದ ಮೇಲೆ ಮ್ಯಾನೇಜರ್ ಹಿರಾಗಾ ಎಲ್ಲರನ್ನೂ ಹಾಸ್ಟೆಲಿನ ಊಟದ ಮನೆಯಲ್ಲಿ ಸೇರಿಸಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಕಾಗದ ಕೊಳ್ಳುವವರು ಕಡಿಮೆಯಾಗಿದ್ದಾರೆ, ಎರಡನೇ ಯಂತ್ರ ನಿಲ್ಲಿಸುತ್ತಾರೆ, ಬೇಸ್‌ಬಾಲ್ ಕ್ಲಬ್ಬನ್ನೂ ಮುಚ್ಚುತ್ತಾರೆ.

"ಸೆಪ್ಟೆಂಬರ್ ಪಂದ್ಯಗಳಿಗೆ ಹೆಸರು ಕೊಟ್ಟಾಗಿದೆ, ಅದನ್ನ ಆಡಬಹುದು ಅಂತ ಒಪ್ಪಿಸಿದೀನಿ. ಗೆಲ್ಲೋವರೆಗೂ ಕ್ಲಬ್ ಇರುತ್ತೆ. ಸೋತ ದಿನ ಮುಗೀತು," ಅಂದರು.

 ಸೆಂಟರ್ ಫೀಲ್ಡಿನಲ್ಲಿ ಆಡುವ ಕಾಜಿ, "ಹಾಗಾದ್ರೆ ಗೆಲ್ತಾನೇ ಇರೋಣ ಬಿಡಿ," ಅಂದ. ಕಾಜಿ ನನ್ನ ಜೊತೆಯಲ್ಲೇ ಸೇರಿದವನು, ಒಂದೇ ಪಾಳಿಯಲ್ಲಿ ಕೆಲಸ. ಅವನು ಮೈದಾನದ ಕೊನೆಯಲ್ಲಿ ನಿಲ್ಲುತ್ತಾನೆ, ನಾನು ನಡುವಿನಲ್ಲಿ. ಹನ್ನೊಂದು ವರ್ಷದಲ್ಲಿ ನಾವು ಆಡಿದ ಮಾತು ಅಷ್ಟಕ್ಕಷ್ಟೆ.

ಊಟ ಮೂಲೆಯ ಮೇಜಿನಲ್ಲಿ, ಎಂದಿನಂತೆ. ಅಡುಗೆಯ ಕಿನು ಚಿಕ್ಕಮ್ಮ ಕೇಳುವುದೇ ಇಲ್ಲ, ನನ್ನ ತಟ್ಟೆ ಅಲ್ಲಿಟ್ಟಿರುತ್ತಾಳೆ.

ಜೂನ್ 24

ನನ್ನನ್ನು ಎರವಲು ಕೇಳಿದ್ದಾರೆ.

ಡೋಮಿಗೆ ಹೋಗುವ ತಂಡ ತಾನು ಸೋಲಿಸಿದ ತಂಡಗಳಿಂದ ಮೂವರನ್ನು ಎರವಲು ಪಡೆಯಬಹುದು. ಹಳೆಯ ಪದ್ಧತಿ. ಟೂರ್ನಿ ಮುಗಿಯುವವರೆಗೆ ಅವರ ಅಂಗಿ ತೊಟ್ಟು ಆಡಬೇಕು, ತೋಳಿನ ಮೇಲೆ ಮಾತ್ರ ನಮ್ಮ ಕಂಪನಿಯ ಗುರುತು. ಕುರೊಸೆಯವರು ನನ್ನನ್ನೇ ಕೇಳಿದ್ದು ಯಾಕೆ ಎಂದು ಹಿರಾಗಾರನ್ನು ಕೇಳಿದೆ.

"ಮೂರು ಹೋಮ್ ರನ್ ಕೊಟ್ಟೂ ನಮ್ಮನ್ನ ಕೊನೇವರೆಗೆ ಅಳಿಸಿಬಿಟ್ಟ, ಇಂಥೋನು ನಮ್ಮ ಕಡೆ ಇರಲಿ ಅಂದ್ರಂತೆ," ಅಂದರು. "ಹೋಗಪ್ಪ. ನಮ್ಮ ಗುರುತು ಡೋಮಿನ ಒಳಗೆ ಹೋಗೋದು ಇದೇ ಕೊನೆ."

ಗುರುತು ಎಂದರೆ ಒಂದು ಪೈನ್ ಮರ, ಅಂಗೈಯಗಲ. ಕಿನು ಚಿಕ್ಕಮ್ಮ ಹಳೇ ಅಂಗಿಯಿಂದ ಬಿಚ್ಚಿ, ಇಸ್ತ್ರಿ ಹಾಕಿ, ಲಕೋಟೆಯಲ್ಲಿಟ್ಟು ಕೊಟ್ಟಳು. "ಅವರ ಕೈಲಿ ಹೊಲಿಸ್ಬೇಡ, ಸೊಟ್ಟಗೆ ಹೊಲೀತಾರೆ. ಸೂಜಿ ದಾರಾನೂ ಇಟ್ಟಿದೀನಿ," ಅಂದಳು.

ಜುಲೈ 3

ಅವರ ಊರಿಗೆ ಬಂದೆ. ಬೆಟ್ಟಗಳ ನಡುವೆ ಗಾಳಿಯೇ ಇಲ್ಲ. ಕಡಲ ಗಾಳಿ ಇಲ್ಲದಿದ್ದರೆ ನನ್ನ ಬಾಗುವ ಚೆಂಡು ಬಾಗುತ್ತದೋ ಇಲ್ಲವೋ ಗೊತ್ತಿಲ್ಲ.

ಅವರ ತಂಡದಲ್ಲಿ ಇಪ್ಪತ್ತೈದು ಜನ. ಎಲ್ಲರೂ ಸಾಲಾಗಿ ನಿಂತು ಬಗ್ಗಿ ನಮಸ್ಕರಿಸಿದರು. ಇವರಲ್ಲಿ ಆರು ಜನ ನನ್ನ ಚೆಂಡಿಗೆ ಹೋಮ್ ರನ್ ಹೊಡೆದವರು. ತೊಕುಮಾರು ಐದು ಹೊಡೆದಿದ್ದಾನೆ. ಅವನೇ ನನ್ನ ಕ್ಯಾಚರ್, ಕೋಣೆಯಲ್ಲಿ ಜೊತೆಗಾರನೂ ಅವನೇ. ವಯಸ್ಸು ಇಪ್ಪತ್ತೊಂಬತ್ತು, ಗುಂಡುಗುಂಡಾಗಿದ್ದಾನೆ, ಬಾಯಿಗೆ ಬೀಗವಿಲ್ಲ.

"ಕುಸಾಕಾ-ಸಾನ್, ನಿಮ್ಮ ಚೆಂಡು ನಂಗೆ ತುಂಬಾ ಇಷ್ಟ ಕಣ್ರೀ," ಅಂದ.

"ಹೊಡೆಯೋಕೆ ಇಷ್ಟ ಇರಬೇಕು ನಿಮಗೆ," ಅಂದೆ.

"ಹೂಂ, ಅದಕ್ಕೇ. ಇನ್ನು ಹಿಡಿಯೋಕೂ ಇಷ್ಟ ಆಗುತ್ತೋ ನೋಡೋಣ."

ರಾತ್ರಿ ಊಟಕ್ಕೆ ಮೂಲೆಯಲ್ಲಿ ಜಾಗ ಹುಡುಕಿದೆ. ಇಲ್ಲಿ ಮೇಜುಗಳೆಲ್ಲ ಉದ್ದಕ್ಕೆ, ಮೂಲೆಯೇ ಇಲ್ಲ. ಪೈನ್ ಮರದ ಗುರುತನ್ನು ನಾನೇ ಹೊಲಿದೆ. ಸ್ವಲ್ಪ ಸೊಟ್ಟಗಾಯಿತು.

ಜುಲೈ 9

ಅಭ್ಯಾಸ ಪಂದ್ಯ. ಎರಡು ಹೋಮ್ ರನ್. ಅವರು ಗೆದ್ದರು.

ಇಷ್ಟು ಜನರ ನಡುವೆ ಇದ್ದು ಇಷ್ಟು ಒಂಟಿಯಾಗಬಹುದು ಎಂದು ಗೊತ್ತಿರಲಿಲ್ಲ. ನಗುವುದಕ್ಕೆ ಇವರಿಗೆ ಇವರದೇ ಹಳೆಯ ಕತೆಗಳಿವೆ. ಎಲ್ಲರೂ ನಕ್ಕಾಗ ನಾನೂ ಒಂದು ಕ್ಷಣ ತಡವಾಗಿ ನಗುತ್ತೇನೆ. ತೊಕುಮಾರು ನೋಟ್‌ಬುಕ್ ನೋಡಿ, "ಯಾರು ತಿದ್ತಾರೆ ಇದನ್ನ?" ಅಂದ. ಯಾರೂ ಇಲ್ಲ ಅಂದೆ. "ಮತ್ತೆ ಯಾಕೆ ಬರೀತೀರಿ?" ಅಂದ.  ಲೈಟ್ ಆರಿಸಿ ಮಲಗಿದೆ. ಅವನು ಗೊರಕೆ ಹೊಡೆಯುತ್ತಾನೆ, ಅದೂ ಒಂದೇ ಸಮನೆ ಅಲ್ಲ.

ಜುಲೈ 17

ಡೋಮ್. ಮೊದಲ ಸುತ್ತು. ನನ್ನನ್ನೇ ಇಳಿಸಿದರು.

ಛಾವಣಿ ಇರುವ ಮೈದಾನದಲ್ಲಿ ಸದ್ದು ಮೇಲೆ ಹೋಗಿ ಮತ್ತೆ ತಲೆ ಮೇಲೇ ಬೀಳುತ್ತದೆ. ಮೂರನೇ ಬೇಸಿನ ಕಡೆ ಕುರೊಸೆಯ ಎರಡು ಸಾವಿರ ನೌಕರರು, ಎಲ್ಲರ ಕೈಯಲ್ಲೂ ಹಳದಿ ಬೀಸಣಿಗೆ. ನಮ್ಮ ಕಾರ್ಖಾನೆಯವರು ಯಾರೂ ಬಂದಿರಲಿಲ್ಲ. ಸೋಮವಾರ, ಪಾಳಿ ಇರುತ್ತದೆ. ಬರಲಿ ಎಂದು ನಾನು ಯಾರಿಗೂ ಹೇಳಿಯೂ ಇರಲಿಲ್ಲ.

ಎರಡನೇ ಇನಿಂಗ್ಸಿನಲ್ಲಿ ಮೊದಲ ಹೋಮ್ ರನ್. ಅಂಪೈರ್ ಕಡೆ ಕೈ ಚಾಚಿದೆ. ನೋಡುತ್ತೇನೆ, ತೊಕುಮಾರು ಕುಲುಕುತ್ತಾ ನಡೆದು ಬರುತ್ತಿದ್ದಾನೆ. ಹೋಗು ಎಂದು ಕೈಯಾಡಿಸಿದೆ. ಬಂದೇಬಿಟ್ಟ.

"ಏನು?" ಅಂದೆ.

"ರಾತ್ರಿ ಊಟಕ್ಕೆ ಹಾವುಮೀನೋ, ಕರ್ರಿ-ರೈಸೋ? ಹೋಟೆಲಿನವರು ಈಗ್ಲೇ ಹೇಳ್ಬೇಕು ಅಂದಿದಾರೆ."

"ಆಟ ನಡೀತಿದೆ ಇಲ್ಲಿ."

"ಅದು ನಂಗೂ ಕಾಣುತ್ತೆ. ಹಾವುಮೀನು ಅಂತ ಬರೆಸಲಾ?"

ಐದನೇ ಇನಿಂಗ್ಸಿನಲ್ಲಿ ಎರಡನೆಯದು. ಈ ಸಲ ಬೇಸುಗಳ ಬಳಿ ಆಡುವ ನಾಲ್ವರು ಹುಡುಗರೂ ಬಂದು ಸುತ್ತ ನಿಂತರು. ಇದೇನು ಸಾವಿನ ಮನೆಯಾ ಎಂದು ಕೇಳಿದೆ. ಮೊದಲ ಬೇಸಿನವನು, "ಅಲ್ಲ, ಊಟದ ವಿಷ್ಯ ಮಾತಾಡ್ತಿದೀರ ಅಂತ ತೊಕುಮಾರು ಹೇಳ್ದ. ನಂಗೂ ಹಾವುಮೀನು," ಅಂದ. ಏಳರಲ್ಲಿ ಮೂರನೆಯದು. ಆಗ ಕರ್ರಿ-ರೈಸಿನ ಪರ ಒಬ್ಬನೂ ಉಳಿದಿರಲಿಲ್ಲ.

ಮೂರೂ ಖಾಲಿ ಬೇಸಿಗೇ. ಒಬ್ಬನನ್ನೂ ಪುಕ್ಕಟೆ ಕಳಿಸಲಿಲ್ಲ. ಅವರು 6–3ರಲ್ಲಿ ಗೆದ್ದರು. ಕೊನೆಯವರೆಗೂ ನಾನೇ ಎಸೆದೆ.

ಹಾವುಮೀನು ಚೆನ್ನಾಗಿತ್ತು. ಮೂಳೆ ಜಾಸ್ತಿ.

ಜುಲೈ 21

5–2. ಗೆದ್ದೆವು. ಹೋಮ್ ರನ್ ಎರಡು.

ತೊಕುಮಾರು ಯಾವ ಚೆಂಡು ಕೇಳುತ್ತಾನೆ ಎಂಬುದು ಈಗ ಬೆರಳಿನ ಸನ್ನೆ ತೋರಿಸುವ ಮೊದಲೇ ಗೊತ್ತಾಗುತ್ತದೆ. ನನಗೆ ಎಲ್ಲಿ ಎಸೆಯುವುದು ಇಷ್ಟ ಎಂದು ಅವನಿಗೆ ಮೊದಲೇ ಗೊತ್ತು, ಐದು ಸಲ ಅಲ್ಲಿಂದಲೇ ಹೊಡೆದವನು.

"ನೀವು ಯಾಕೆ ತಿರುಗಿ ನೋಡಲ್ಲ? ಹೋಮ್ ರನ್ ಹೊಡೆದೋರಿಗೆ ಬೇಜಾರಾಗುತ್ತೆ ಕಣ್ರೀ. ಅಷ್ಟು ದೂರ ಹೊಡೆದಿರ್ತೀವಿ, ನೀವು ಚೆಂಡು ಕೇಳ್ತಾ ನಿಂತಿರ್ತೀರ," ಅಂದ ಬಸ್ಸಿನಲ್ಲಿ.

"ನೋಡಿದ್ರೆ ವಾಪಸ್ ಬರುತ್ತಾ?"

"ಬರಲ್ಲ. ಆದ್ರೂ."

"ನೀನು ನಿನ್ನ ಕೆಲಸ ನೋಡ್ಕೋ," ಅಂದೆ. ಹೇಳಿದ ಮೇಲೆ ಅವನು ನಕ್ಕ. ಯಾಕೆ ನಕ್ಕನೋ ತಿಳಿಯಲಿಲ್ಲ.

ಜುಲೈ 23

ಸೋತೆವು. 1–0. ಇಂದು ಎಸೆದವನು ನಾನಲ್ಲ, ಇನ್ನೊಬ್ಬ. ಚೆನ್ನಾಗಿ ಎಸೆದ. ಒಂದೂ ಹೋಮ್ ರನ್ ಇಲ್ಲ. ನಾಲ್ಕು ತಪ್ಪು ಚೆಂಡಿಗೆ ಒಬ್ಬ ಮೊದಲ ಬೇಸಿಗೆ ಹೋದ, ಮುಂದಿನವನು ಮೆಲ್ಲನೆ ತಳ್ಳಿದ ಚೆಂಡಿಗೆ ಎರಡಕ್ಕೆ ಹೋದ, ನಮ್ಮವರ ಕೈಜಾರಿದ ಚೆಂಡಿಗೆ ಸುತ್ತು ಮುಗಿಸಿದ. ಅಲ್ಲಿಗೆ ಮುಗಿಯಿತು.

ಆ ಹುಡುಗ ಬೆಂಚಿನಲ್ಲಿ ಟವೆಲ್ ಹೊದ್ದು ಅಳುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ರಾತ್ರಿ ಏನು ತಿಂತೀಯ ಎಂದು ಕೇಳಿದೆ.

ಜುಲೈ 25

ಅಂಗಿ ಒಗೆದು ವಾಪಸ್ ಕೊಟ್ಟೆ. ಕೊಡುವ ಮೊದಲು ಪೈನ್ ಮರ ಬಿಚ್ಚಿದೆ. ಅಂಗಿಯ ಮೇಲೆ ಸೂಜಿಯ ತೂತುಗಳು ಉಳಿದವು. ತೊಕುಮಾರು ರೈಲು ನಿಲ್ದಾಣದವರೆಗೆ ಬಂದು, "ಸೆಪ್ಟೆಂಬರಲ್ಲಿ ಮೊದಲ ಸುತ್ತಲ್ಲೇ ನಿಮ್ಮ ಮೇಲೆ ನಾವು. ಚೀಟಿ ಎತ್ತಿದಾರೆ, ಗೊತ್ತಾಯ್ತಾ?" ಅಂದ. ಗೊತ್ತಿರಲಿಲ್ಲ. ಗಾಡಿ ಬಂತು, ಹತ್ತಿದೆ.

ಆಗಸ್ಟ್ 2

ಪಾಳಿ. ಅಭ್ಯಾಸ. ಊಟ.

ಆಗಸ್ಟ್ 13

ಹಿರಿಯರ ಹಬ್ಬದ ರಜೆ. ಹಾಸ್ಟೆಲಿನಲ್ಲಿ ನಾನೊಬ್ಬನೇ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನಗೆ ಹೋಗಲು ಮನೆಯಿಲ್ಲ. ಬೆಳಿಗ್ಗೆ ಅವರ ಸಮಾಧಿ ತೊಳೆದು, ಹೂವಿಟ್ಟು ಬಂದೆ.

ಇಪ್ಪತ್ತು ಕೋಣೆಗಳಲ್ಲಿ ಹನ್ನೆರಡು ಈಗಾಗಲೇ ಖಾಲಿ. ಎರಡನೇ ಯಂತ್ರ ನಿಂತ ಮೇಲೆ ಕಾರ್ಖಾನೆಯ ಸದ್ದು ಅರ್ಧವಾಗಿದೆ, ನಿದ್ದೆ ಬರುತ್ತಿಲ್ಲ. ಗೊರಕೆ ಇಲ್ಲದ್ದಕ್ಕೂ ಇರಬಹುದು.

ಕಿನು ಚಿಕ್ಕಮ್ಮ ರಜೆಗೆ ಹೋಗುವ ಮೊದಲು ಫ್ರಿಜ್ಜಿನಲ್ಲಿ ಕಡಲಪಾಚಿ ಸುತ್ತಿದ ಅನ್ನದುಂಡೆ ಇಟ್ಟು ಹೋಗಿದ್ದಳು. ತಟ್ಟೆ ತೆಗೆದುಕೊಂಡು ಮೂಲೆಯ ಮೇಜಿಗೇ ಹೋಗಿ ಕೂತೆ. ಊಟದ ಮನೆ ಪೂರ್ತಿ ಖಾಲಿ ಇದ್ದಾಗ ಮೂಲೆಗೆ ಹೋಗಿ ಕೂರುವುದು ಸ್ವಲ್ಪ ತಮಾಷೆಯಾಗಿ ಕಂಡಿತು. ತಮಾಷೆ ಎನ್ನುತ್ತೇನೆ. ಅರ್ಧ ಉಂಡೆ ಮತ್ತೆ ಫ್ರಿಜ್ಜಿನಲ್ಲಿಟ್ಟೆ.

ಸೆಪ್ಟೆಂಬರ್ 5

ಹಿರಾಗಾ ಕರೆದು, "ಕುರೊಸೆಯವರಿಗೆ ನಿನ್ನ ಕೈ ಪೂರ್ತಿ ಗೊತ್ತು. ಬೇರೆಯವನನ್ನ ಇಳಿಸ್ಲಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೂ ಅವರ ಕೈ ಗೊತ್ತು ಅಂದೆ. 

"ಸೋತ್ರೆ ಅವತ್ತೇ ಕ್ಲಬ್ ಮುಗೀತು. ಗೊತ್ತಲ್ಲ," ಅಂದರು.

ಗೊತ್ತು.

ಸೆಪ್ಟೆಂಬರ್ 12

ಎಲ್ಲವನ್ನೂ ಬರೆಯಬೇಕು. ಮರೆತುಹೋಗುತ್ತದೆ.

ನಮ್ಮ ಊರಿನ ಮೈದಾನ, ಹತ್ತು ಗಂಟೆಗೆ ಆಟ. ಕಡಲ ಕಡೆಯಿಂದ ಗಾಳಿ. ಕುರೊಸೆಯವರು ಮೂರನೇ ಬೇಸಿನ ಬೆಂಚು, ನಾವು ಮೊದಲ ಬೇಸಿನ ಬೆಂಚು. ಎರಡನೇ ಇನಿಂಗ್ಸಿನ ಮೊದಲ ಬ್ಯಾಟುಗಾರ ತೊಕುಮಾರು. ಟೋಪಿ ಮುಟ್ಟಿ ವಂದಿಸಿದ. ಮೊದಲ ಚೆಂಡೇ ಹೋಯಿತು, ಸ್ಕೋರ್ ಬೋರ್ಡಿನ ಮೇಲಿಂದ. ಇದು ಆರನೆಯದು. ಬೇಸುಗಳು ಖಾಲಿ, ಒಂದೇ ಓಟ.

ಅಂಪೈರ್ ಹೊಸ ಚೆಂಡು ಎಸೆದರು. ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೆಂದರೆ ಅಂಪೈರ್, "ಆಡ್ತೀರಾ?" ಎಂದು ಕೇಳಿದರು. ನಮ್ಮ ಹುಡುಗರು ಅವರವರ ಜಾಗದಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟು ನಿಂತಿದ್ದರು. ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ, ಬರಬೇಡಿ ಎಂದು ಕಲಿಸಿದವನೇ ನಾನು.

ಮೂರನೇ ಇನಿಂಗ್ಸಿನಲ್ಲಿ ನಡೆದದ್ದನ್ನು ಬರೆಯದೆ ಬಿಡೋಣ ಅನ್ನಿಸುತ್ತದೆ. ಅವರ ಮೂರನೆಯವನು ಔಟಾದ, ಇನ್ನು ಬ್ಯಾಟು ಹಿಡಿಯುವ ಸರದಿ ನಮ್ಮದು. ನಾನು ತಲೆ ತಗ್ಗಿಸಿಕೊಂಡು ಮುಂದಿನ ಚೆಂಡುಗಳ ಬಗ್ಗೆ ಯೋಚಿಸುತ್ತಾ ನಡೆದು, ಮೆಟ್ಟಿಲು ಇಳಿದು, ಬೆಂಚಿನಲ್ಲಿ ಕೂತು, ಟವೆಲಿಗೆ ಕೈ ಚಾಚಿದೆ. ಟವೆಲ್ ಹಳದಿ ಇತ್ತು. ತಲೆ ಎತ್ತಿದರೆ ಕುರೊಸೆಯ ಇಪ್ಪತ್ತು ಮುಖ.

 ತೊಕುಮಾರು ಲೋಟ ಮುಂದೆ ಹಿಡಿದು, "ಬಂದಿದೀರ, ಬಾರ್ಲಿ ಚಹಾ ಕುಡ್ಕೊಂಡೇ ಹೋಗಿ. ತಣ್ಣಗಿದೆ," ಅಂದ. ಡೋಮಿನಲ್ಲಿ ಅತ್ತಿದ್ದ ಹುಡುಗ ಸರಿದು ಜಾಗ ಬೇರೆ ಮಾಡಿಕೊಟ್ಟ. ಅವರ ಮ್ಯಾನೇಜರು ಗೋಡೆ ಕಡೆ ತಿರುಗಿ ನಗುತ್ತಿದ್ದರು.

ಅಲ್ಲಿಂದ ನಮ್ಮ ಬೆಂಚಿಗೆ ಮೈದಾನ ದಾಟಿ ನಡೆದೆ. ಊರಿನ ಮುನ್ನೂರು ಜನ ನೋಡುತ್ತಿದ್ದರು. ನಮ್ಮ ಬೆಂಚಿನಲ್ಲಿ ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು. ಹಿರಾಗಾ ಬೇರೆ ಕಡೆ ನೋಡುತ್ತಿದ್ದರು. ನಾನು ಎಂದಿನ ಕೊನೆಯ ಜಾಗದಲ್ಲಿ ಕೂತೆ, ಪಕ್ಕದ ಎರಡು ಜಾಗ ಎಂದಿನಂತೆ ಖಾಲಿ. ನಾಚಿಕೆಯಾಯಿತು. ತಪ್ಪು ಬೆಂಚಿಗೆ ಹೋದದ್ದಕ್ಕೆ ಅಲ್ಲ ಅನ್ನಿಸುತ್ತದೆ. ಅಲ್ಲಿಂದ ಏಳುವುದಕ್ಕೆ ಮನಸ್ಸಾಗದೇ ಇದ್ದದ್ದಕ್ಕೆ.

ನಾಲ್ಕರಲ್ಲಿ ಎರಡನೇ ಹೋಮ್ ರನ್. ಆರರಲ್ಲಿ ಮೂರನೆಯದು. ನಮ್ಮವರು ಸುಮ್ಮನೆ ಆಡುತ್ತಾ ಐದು ಓಟ ಮಾಡಿದ್ದರು. ಎಂಟರಲ್ಲಿ ನಾಲ್ಕನೆಯದು ಹೋಯಿತು. 5–4. ಎಲ್ಲವೂ ಖಾಲಿ ಬೇಸಿಗೆ. ಹೊಸ ಚೆಂಡು ಬಂತು. ಮತ್ತೆ ಹಿಡಿದುಕೊಂಡು ನಿಂತೆನಂತೆ. ನನಗೆ ಗೊತ್ತಿಲ್ಲ. ಗೊತ್ತಾದದ್ದು ಹಿಂದಿನಿಂದ ಭಾರದ ಹೆಜ್ಜೆಗಳ ಸದ್ದು ಕೇಳಿದಾಗ. ಕಾಜಿ. ಮೈದಾನದ ಆ ಕೊನೆಯಿಂದ ಅಷ್ಟು ದೂರ ಓಡಿ ಬಂದಿದ್ದ. ಸೆಂಟರ್ ಫೀಲ್ಡಿನವನು ಅಲ್ಲಿಂದ ಬರುವುದನ್ನು ನಾನು ಎಲ್ಲೂ ಕಂಡಿಲ್ಲ.

"ಏನೋ?" ಅಂದೆ.

ಅವನಿಗೆ ಏದುಸಿರು. "ಏನಿಲ್ಲ. ಬೆಳಿಗ್ಗೆಯಿಂದ ನೋಡ್ತಿದೀನಿ, ನೀನು ಯಾರನ್ನೋ ಕಾಯ್ತಿರೋ ಹಾಗಿತ್ತು."

"ಯಾರನ್ನೂ ಇಲ್ಲ."

"ಸರಿ ಹಾಗಾದ್ರೆ." ಅವನು ನಿಂತೇ ಇದ್ದ. 

"ರಾತ್ರಿ ಊಟಕ್ಕೆ ಏನಂತೆ?" ಎಂದು ಕೇಳಿದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಬಂಗಡೆ ಅಂತೆ. ಮಿಸೋ ಹಾಕಿ ಬೇಯಿಸಿದ್ದು. ಯಾಕೆ?"

"ಸುಮ್ನೆ."

ಅಷ್ಟರಲ್ಲಿ ಬೇಸಿನ ಹುಡುಗರೂ ಒಬ್ಬೊಬ್ಬರಾಗಿ, ಬರಬಹುದೋ ಬಾರದೋ ಎಂಬಂತೆ ಬಂದು ನಿಂತರು. ನಾನು ಕೈಯಾಡಿಸಲಿಲ್ಲ. ಅಂಪೈರ್ ಗದರಿದ ಮೇಲೆ ಎಲ್ಲರೂ ವಾಪಸ್ ಓಡಿದರು. ಕಾಜಿಯದು ದೂರದ ಓಟ, ಪಾಪ.

ಒಂಬತ್ತನೇ ಇನಿಂಗ್ಸ್. ಇಬ್ಬರು ಔಟು, ಬೇಸುಗಳು ಖಾಲಿ, ಬ್ಯಾಟು ಹಿಡಿದು ಬಂದವನು ತೊಕುಮಾರು. ಹೋಮ್ ರನ್ ಹೊಡೆದರೆ ಸಮ, ಸಮವಾದರೆ ನನ್ನ ತೋಳಿನಲ್ಲಿ ಇನ್ನು ಶಕ್ತಿ ಇಲ್ಲ, ನಮ್ಮಲ್ಲಿ ಅವರನ್ನು ತಡೆಯುವಂಥ ಬೇರೆ ಪಿಚರ್ ಇಲ್ಲ. ಹಿರಾಗಾ ಬೆಂಚಿನಿಂದ ನಾಲ್ಕು ಬೆರಳು ತೋರಿಸಿದರು. ಕೇಳುವ ಹಾಗೆ ತೋರಿಸಿದರು: ಇವನನ್ನು ಪುಕ್ಕಟೆ ಮೊದಲ ಬೇಸಿಗೆ ಕಳಿಸೋಣವಾ ಎಂದು. ಬುದ್ಧಿವಂತಿಕೆಯ ಮಾತೇ. ಅವನು ಬೇಸಿನ ಮೇಲೆ ನಿಂತು ನನ್ನ ಬೆನ್ನು ನೋಡಿದರೂ ನನಗೇನೂ ಆಗುತ್ತಿರಲಿಲ್ಲ. ಆದರೆ ಅವನಿಗೆ ಎಸೆಯಬೇಕು ಅನ್ನಿಸಿತು. ತಲೆಯಾಡಿಸಿ ಬೇಡ ಅಂದೆ. ಹಿರಾಗಾ ಬೆರಳು ಮಡಚಿಕೊಂಡರು.

ಅವನು ಎಲ್ಲಿ ಕಾಯುತ್ತಿದ್ದಾನೆ ಎಂದು ಗೊತ್ತಿತ್ತು. ಅಲ್ಲಿಗೇ, ಒಂದು ಬೆರಳು ಕೆಳಗೆ ಎಸೆದೆ.

ಸದ್ದು ಬಂತು. ಆ ಸದ್ದನ್ನು ಸಾವಿರ ಸಲ ಕೇಳಿದ್ದೇನೆ. ಕೈ ಅಂಪೈರ್ ಕಡೆ ಚಾಚಲು ಎದ್ದಿತ್ತು.

ತಿರುಗಿ ನೋಡಿದೆ.

ಚೆಂಡು ತುಂಬ ಎತ್ತರದಲ್ಲಿತ್ತು, ಚಿಕ್ಕದಾಗಿತ್ತು. ಅದರ ಕೆಳಗೆ ಕಾಜಿ ನಮಗೆ ಬೆನ್ನು ಹಾಕಿ ಓಡುತ್ತಿದ್ದ. ಎಡಗಡೆಯವನೂ ಬಲಗಡೆಯವನೂ ಅವನ ಕಡೆ ಓಡುತ್ತಿದ್ದರು. ಬೇಸಿನ ಹುಡುಗರು ಎಲ್ಲ ಆ ಕಡೆಗೇ ಓಡುತ್ತಿದ್ದರು, ಓಡಿ ಏನೂ ಪ್ರಯೋಜನವಿಲ್ಲದಿದ್ದರೂ. ಹನ್ನೊಂದು ವರ್ಷ ನಾನು ಹೊಸ ಚೆಂಡು ಕೇಳುತ್ತಾ ನಿಂತಿದ್ದಾಗ ಪ್ರತಿ ಸಲವೂ ಇವರು ಹೀಗೆಯೇ ಓಡಿರಬೇಕು. ಕಡಲ ಗಾಳಿ ಚೆಂಡನ್ನು ಸ್ವಲ್ಪ ಹಿಂದಕ್ಕೆ ತಳ್ಳಿತು. ಕಾಜಿ ಬೇಲಿಗೆ ಬೆನ್ನು ಒರಗಿಸಿ, ಹಾರಿ, ಹಿಡಿದ.

5–4. ಗೆದ್ದೆವು. ಕ್ಲಬ್ ಇನ್ನೂ ಇದೆ, ಮುಂದಿನ ಮಂಗಳವಾರದವರೆಗೆ.

ಸಾಲಾಗಿ ನಿಂತು ವಂದಿಸುವಾಗ ತೊಕುಮಾರು ಹತ್ತಿರ ಬಂದ. ಕಣ್ಣು ಕೆಂಪಗಿತ್ತು. "ನೋಡಿದ್ರಿ ಇವತ್ತು. ನಾನು ಓಡ್ತಾ ಓಡ್ತಾ ಕಂಡೆ," ಅಂದ.

"ಗಾಳಿ ಯಾವ ಕಡೆ ಅಂತ ನೋಡ್ದೆ," ಅಂದೆ.

"ಹೂಂ, ಗಾಳಿ," ಅಂದ.

ಸಂಜೆ ಊಟದ ಮನೆಯಲ್ಲಿ ಕಾಜಿಯ ಎದುರಿಗೆ ಕೂತಿದ್ದೆ. ಬೇಲಿಗೆ ತಾಗಿ ಅವನ ಬೆನ್ನು ಕೆತ್ತಿಹೋಗಿತ್ತು. ಬೇಸಿನ ಹುಡುಗನೊಬ್ಬ ಧೈರ್ಯ ಮಾಡಿ, "ಅಲ್ಲಿ ಬಾರ್ಲಿ ಚಹಾ ಹೇಗಿತ್ತು, ಕುಸಾಕಾ-ಸಾನ್?" ಎಂದು ಕೇಳಿಯೇಬಿಟ್ಟ. ಎಲ್ಲರೂ ತಟ್ಟೆ ನೋಡಿದರು. ನಮ್ಮದಕ್ಕಿಂತ ಚೆನ್ನಾಗಿತ್ತು ಅಂದೆ. ಆಗ ನಕ್ಕರು, ಬೆಳಿಗ್ಗೆಯಿಂದ ತಡೆದುಕೊಂಡಿದ್ದನ್ನೆಲ್ಲ ಸೇರಿಸಿ. ನಾನು ಕಾಜಿಯ ತಟ್ಟೆಯಿಂದ ಮೂಲಂಗಿ ಉಪ್ಪಿನಕಾಯಿ ತೆಗೆದುಕೊಂಡು ತಿನ್ನುತ್ತಿದ್ದೆ. 

ಅಷ್ಟರಲ್ಲಿ ಕಿನು ಚಿಕ್ಕಮ್ಮ ಒಳಗಿನಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಆ ಮೂಲೇಲಿ ಒಂದು ತಟ್ಟೆ ಆರಿ ಹೋಗ್ತಾ ಇದೆಯಲ್ಲ, ಯಾರದ್ರಪ್ಪ ಅದು?"

ನಾನೂ ಎಲ್ಲರ ಜೊತೆ ತಿರುಗಿ ನೋಡಿದೆ. ಯಾರದಿರಬಹುದು ಎಂದು.